ಅಕ್ಕನ ಲೋಳೆಸರ

ಮಣಿಪಾಲದ ಫ್ಲ್ಯಾಟಿನ ಬಾಲ್ಕನಿಯಲ್ಲಿದ್ದ ಲೋಳೆಸರಕ್ಕೆ ಸುಭಾಷಿಣಿ ಟೀಚರು ದಿನಕ್ಕೆರಡು ಹೊತ್ತು ನೀರು ಹಾಕುತ್ತಿದ್ದರು. ಬೆಳಿಗ್ಗೆ ಅಕ್ಕಿ ತೊಳೆದ ನೀರು, ಸಂಜೆ ಒಂದು ತಂಬಿಗೆ ನಲ್ಲಿನೀರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವರು! ಅದಕ್ಕೆ ಅಷ್ಟು ನೀರು ಆಗುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಗೊತ್ತಿತ್ತು. ಆದರೂ ಹಾಕುತ್ತಿದ್ದರು.

ಗಿಡ ಅಕ್ಕ ಮನೋರಮಾ ಕಾಪುವಿನ ಮನೆಯಂಗಳದಲ್ಲಿ ಬೆಳೆಸಿದ್ದು. ಬೆಳೆಸಿದ್ದೇನು ಬಂತು, ಹೊಯ್ಗೆಯಲ್ಲಿ, ಆ ಕಡಲ ಬದಿಯ ಮರಳಿನಲ್ಲಿ, ಊರಿ ಮರೆತದ್ದು. ಸಮುದ್ರದ ಗಾಳಿ ತಿಂದೇ ಕೊಬ್ಬಿತ್ತು ಅದು. ದೋಸೆ ಕಾವಲಿಗೆ ಕೈ ತಾಗಿತೆಂದು ತಂಗಿ ಅತ್ತರೆ ಅಕ್ಕ ಒಂದು ಎಲೆ ಮುರಿದು, ಲೋಳೆ ಹಚ್ಚಿ, ಉಫ್ ಎಂದು ಊದುತ್ತಿದ್ದಳು. ಭಾನುವಾರ ಇಬ್ಬರೂ ತಲೆಗೆ ಅದನ್ನೇ ಮೆತ್ತಿಕೊಂಡು ಬಾವಿಕಟ್ಟೆಯಲ್ಲಿ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಆಡಿಕೊಂಡು ನಗುತ್ತಿದ್ದರು. ಎಂಥ ಚಂದದ ದಿನಗಳವು! ಹೋದ ವರ್ಷ ಅಕ್ಕ ತೀರಿಕೊಂಡಳು, ಮನೆ ಮಾರಾಟವಾಯಿತು, ಅಂಗಳಕ್ಕೆ ಇಂಟರ್‌ಲಾಕ್ ಹಾಸು ಬಿತ್ತು. ಉಳಿದದ್ದು ಈ ಒಂದು ಗಿಡ.

ಆಟಿ ತಿಂಗಳ ಮಳೆಗೆ ಅದರ ಎಲೆಗಳು ಹಳದಿಯಾಗಿ ಜೋತುಬಿದ್ದವು, ಬುಡ ಮೆತ್ತಗಾಯಿತು. ಟೀಚರು ಗಿಡದ ಚಟ್ಟಿಯನ್ನು ಎದೆಗವಚಿಕೊಂಡು ಕಾರ್ಕಳದ ಬಸ್ಸು ಹತ್ತಿದರು. ಅಲ್ಲಿ ನರ್ಸರಿ ಇಟ್ಟಿರುವ ಬೆನೆಡಿಕ್ಟಾ ಹಳೆಯ ಪರಿಚಯ.

ಬೆನೆಡಿಕ್ಟಾ ಗಿಡ ಕಿತ್ತು ಮೂಸಿ ನೋಡಿ, ಕೊಳೆತದ್ದನ್ನೆಲ್ಲ ಚೂರಿಯಿಂದ ಕೊಯ್ದು ಬಿಸಾಡಿದರು. ಅಂಗೈಯಷ್ಟು ಸುಳಿ ಉಳಿಯಿತು. ಒಂದು ವಾರ ನೆರಳಿನಲ್ಲಿ ಸುಮ್ಮನೆ ಇಟ್ಟು ಗಾಯ ಒಣಗಿಸಬೇಕು, ಆಮೇಲೆ ಒಣ ಹೊಯ್ಗೆಯಲ್ಲಿ ಊರಬೇಕು ಎಂದರು. ಟೀಚರ ಮುಖ ನೋಡಿ ಸ್ವರ ಗಟ್ಟಿ ಮಾಡಿದರು.

"ನೀರು ಮಾತ್ರ ಒಂದು ಹನಿ ಕೊಡಬಾರದು ಟೀಚರೇ. ಬೇರು ಬರುವವರೆಗೆ."

ಟೀಚರು ಅಲ್ಲೇ ಬೆಂಚಿನ ಮೇಲೆ ಕೂತರು. "ಅದೊಂದು ನನ್ನಿಂದ ಆಗುವುದಿಲ್ಲ ಬಾಯಮ್ಮ. ಆಪರೇಷನ್ನಿನ ದಿನ ಅಕ್ಕ ಒಂದು ಗುಟುಕು ನೀರು ಕೇಳಿದಳು. ಕೊಡಬಾರದು ಅಂತ ಹೇಳಿದ್ದರು, ನಾನು ಕೊಡಲಿಲ್ಲ. ಅವಳು ಹೊರಗೆ ಬರಲೇ ಇಲ್ಲ."

ಬೆನೆಡಿಕ್ಟಾ ಚೂರಿ ಒರೆಸಿ ಕೆಳಗಿಟ್ಟರು. "ಅವರು ಬದುಕಲಿ ಅಂತ ಕೊಡದೆ ಇದ್ದದ್ದು ಅಲ್ವಾ? ಇದೂ ಹಾಗೇ."

ಆಮೇಲಿನ ದಿನಗಳನ್ನು ಟೀಚರು ಹೇಗೆ ಕಳೆದರೋ ದೇವರಿಗೇ ಗೊತ್ತು. ಕೈ ತಂಬಿಗೆಯ ತನಕ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಹೊರಗೆ ಧೋ ಎಂದು ಮಳೆ, ಒಳಗೆ ಕಿಟಕಿಯ ಹತ್ತಿರ ಸೊರಗಿದ ಸುಳಿ. ಅದನ್ನು ನೋಡಿಕೊಂಡು ಚಹಾ ಕುಡಿಯಲೂ ಅವರಿಗೆ ಮನಸ್ಸಾಗುತ್ತಿರಲಿಲ್ಲ.

ಇಪ್ಪತ್ತಾರನೆಯ ದಿನ ಹೊಯ್ಗೆ ಸರಿಸಿ ನೋಡಿದರೆ, ಬುಡದಲ್ಲಿ ಬಿಳಿಯ ಬೇರು, ಅಕ್ಕಿಕಾಳಿನಷ್ಟು. ಕೂಡಲೇ ಕಾರ್ಕಳಕ್ಕೆ ಫೋನು ಮಾಡಿದರು. ಇನ್ನು ಸ್ವಲ್ಪ ಕೊಡಬಹುದು ಎಂದರು ಬೆನೆಡಿಕ್ಟಾ.

ಟೀಚರು ಚಮಚದಲ್ಲಿ ನೀರು ತಂದರು. ಬುಡಕ್ಕೆ ಹನಿಹನಿಯಾಗಿ ಬಿಟ್ಟರು.

"ಕುಡಿ ಅಕ್ಕ," ಎಂದರು. "ಈಗ ಕುಡಿಯಬಹುದಂತೆ."