ತಿದಿಯ ಸದ್ದು

ಮುಚ್ಚಿದ ಎಡಗಣ್ಣಿನ ರೆಪ್ಪೆಯ ಮೇಲೆ ಡಾಕ್ಟರು ಸ್ಟೆತಸ್ಕೋಪ್ ಇಟ್ಟಾಗ, ಅದರ ತಣ್ಣನೆಯ ಸ್ಪರ್ಶಕ್ಕೆ ವೆಲಿಕಾ ಬೆಚ್ಚಿದಳು.

"ಅಲ್ಲಾಡ್ಬೇಡಿ ಅಜ್ಜಿ... ಹ್ಞಾ, ಕೇಳಿಸ್ತಿದೆ. ಬುಸ್, ಬುಸ್ ಅಂತ."

"ನಿಮಗೂ ಕೇಳಿಸ್ತದಾ!"

ಗಂಡ ಮಿಂಚೊ ತಾಮ್ರದ ಪಾತ್ರೆ ಬಡಿಯುವವನು. ಅವನನ್ನು ಮಣ್ಣು ಮಾಡಿದ ವಾರಕ್ಕೆ ಅವಳ ತಲೆಯೊಳಗೆ ಈ ಸದ್ದು ಶುರುವಾಗಿತ್ತು, ಥೇಟ್ ಅವನ ಕುಲುಮೆಯ ತಿದಿಯಂತೆ. ಸತ್ತವರ ಜೀವ ನಲವತ್ತು ದಿನ ಮನೆಯನ್ನು ಬಿಟ್ಟು ಹೋಗುವುದಿಲ್ಲವೆಂದು ಊರೇ ಬಲ್ಲದು. ಕಣ್ಣು ಕೆಂಡದಂತಾಗಿ, ಗುಡ್ಡೆ ಮುಂದೆ ಬಂದು, ಒಂದು ಎರಡಾಗಿ ಕಂಡರೂ ಅದು ಅತ್ತದ್ದರ ಫಲವೆಂದುಕೊಂಡು ಸಂತ ಪೆಟ್ಕಾಳ ಬುಗ್ಗೆಯ ನೀರಿನಲ್ಲಿ ತೊಳೆಯುತ್ತಿದ್ದಳು. ಕೊನೆಗೆ ನಾದಿನಿ ನೆದಾ ಎಳೆದುಕೊಂಡು ಬಂದಿದ್ದಳು.

"ಕಣ್ಣಿನ ಹಿಂದೆ, ಕೂಡಬಾರದ ರಕ್ತನಾಳಗಳು ಕೂಡ್ಕೊಂಡಿವೆ. ರಕ್ತ ಕಣ್ಣಿನ ಕಡೆಗೆ ನುಗ್ತಿದೆ. ತೊಡೆಯಿಂದ ಸಣ್ಣ ನಳಿಕೆ ತೂರಿಸಿ ಆ ಜಾಗ ಮುಚ್ಚಬೇಕು. ತಡ ಮಾಡಿದ್ರೆ ದೃಷ್ಟಿ ಹೋಗುತ್ತೆ."

"ಸದ್ದು?"

"ನಿಂತು ಹೋಗುತ್ತೆ."

ವೆಲಿಕಾ ತಲೆವಸ್ತ್ರ ಕಟ್ಟಿಕೊಂಡಳು. "ನಲವತ್ತಕ್ಕೆ ಇನ್ನು ನಾಲ್ಕೇ ದಿನ. ಆಮೇಲೆ ನೋಡುವಾ."

"ಅಣ್ಣ ಇದ್ದಾಗ ತಿದಿ ಸದ್ದಿಗೆ ತಲೆನೋವು ಅಂತ ನೀನೇ ಬೈತಿದ್ದೆ. ಈಗ ಕಣ್ಣು ಕೊಟ್ಟು ಅದನ್ನೇ ಇಟ್ಕೋತೀಯಾ ಅತ್ತಿಗೆ?" ಎಂದಳು ನೆದಾ.

ನಲವತ್ತನೆಯ ದಿನ ಪಾದ್ರಿ ಪ್ರಾರ್ಥನೆ ಮುಗಿಸಿ ಸಮಾಧಿಯ ಮೇಲೆ ದ್ರಾಕ್ಷಾರಸ ಸುರಿದರು. ವೆಲಿಕಾ ಬೇಯಿಸಿದ ಗೋಧಿ ಹಂಚಿದಳು. ಹಚ್ಚಿಟ್ಟ ಒಂದೇ ಮೇಣದ ಬತ್ತಿ ಅವಳಿಗೆ ಎರಡಾಗಿ ಉರಿಯುತ್ತಿತ್ತು. ಬಂದವರೆಲ್ಲ ಹೋದ ಮೇಲೂ ಅವಳು ಕಿವಿಗೊಟ್ಟು ಕುಳಿತಳು. ಬುಸ್, ಬುಸ್. ಬೆರಳೆಣಿಸಿ ನೋಡಿದಳು, ದಿನ ತಪ್ಪಿರಲಿಲ್ಲ.

"ಹೊರಟನಾ?" ನೆದಾ ಮೆಲ್ಲಗೆ ಕೇಳಿದಳು.

"ಸದ್ದು ಹಾಗೇ ಇದೆ ಕಣೇ." ವೆಲಿಕಾ ಗೋಧಿಯ ಬಟ್ಟಲನ್ನು ಮಡಿಲಿನಿಂದ ಕೆಳಗಿಟ್ಟಳು. "ದೇವರು ಕರೆದ ಮೇಲೆ ಅವನು ನಿಲ್ಲೋನಲ್ಲ. ಕೆಲಸಕ್ಕೆ ಒಂದು ದಿನವಾದ್ರೂ ತಡವಾಗಿ ಹೋಗಿದ್ದಾನಾ?" ಮೊಣಕಾಲು ಹಿಡಿದು ಎದ್ದಳು. "ಆ ಡಾಕ್ಟರಿಗೆ ಫೋನ್ ಮಾಡು."

ಮೂರು ವಾರದ ಮೇಲೆ, ಚಿಕಿತ್ಸೆ ಮುಗಿಸಿ ಆಸ್ಪತ್ರೆಯಿಂದ ಬಂದಿದ್ದ ವೆಲಿಕಾ ಒಬ್ಬಳೇ ಚರ್ಚಿಗೆ ಹೋದಳು. ಸತ್ತವರಿಗಾಗಿ ಇರಿಸಿದ ಮರಳ ತಟ್ಟೆಯಲ್ಲಿ ಒಂದು ಬತ್ತಿ ಹಚ್ಚಿ ನೆಟ್ಟಳು. ಒಂದೇ ಉರಿ ಕಂಡಿತು. ಪಕ್ಕದ ಕೋಣೆಯಿಂದ ಯಾರೋ ಕರೆದಾರೆಂಬಂತೆ ತಲೆ ವಾಲಿಸಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಾಗಿದ ಬತ್ತಿಯನ್ನು ನೆಟ್ಟಗೆ ಮಾಡಿ, ಬುಡಕ್ಕೆ ಮರಳು ಒತ್ತಿದಳು.