ಬೆಡ್‌ಶೀಟಿನ ಎರಡು ತುದಿ

"ಇನ್ನೊಂಚೂರು ಎಳಿ," ಎಂದಳು ಗಾಡಿಯಕ್ಕ.

ಆಚೆ ತುದಿಯಲ್ಲಿ ಗುಂಡಕ್ಕ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಎಳೆದಳು. ಈಚೆಯಿಂದ ಗಾಡಿಯಕ್ಕನೂ ಎಳೆದಳು. ಬಟ್ಟೆ ಪಟ್ಟೆಂದು ಬಿಗಿದು, ಸುಕ್ಕು ಬಿಟ್ಟು, ನಡುವೆ ಅಲುಗದೆ ನಿಂತಿತು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಹೀಗೇ ಎದುರುಬದುರು ನಿಂತವರು. ಮಡಿಸಿದ್ದನ್ನು ವಾರ್ಡುಗಳಿಗೆ ತಳ್ಳಿಕೊಂಡು ಹೋಗುವುದು ಕಡ್ಡಿಯಂತಿದ್ದ ಗಾಡಿಯಕ್ಕನ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಗುಂಡಕ್ಕನ ಹೆಸರಿನ ಕಾರಣವನ್ನು ಯಾರೂ ಕೇಳುತ್ತಿರಲಿಲ್ಲ, ನೋಡಿದರೆ ಸಾಕಿತ್ತು.

"ಕಾಗದ ಹಾಕಿದ್ಯಾ?" ಎಂದು ಕೇಳಿದಳು ಗುಂಡಕ್ಕ.

"ಇಲ್ಲ ಕಣೆ."

"ಇವತ್ತೇ ಕೊನೇ ದಿನ ಅಕ್ಕ. ನಾಲ್ಕೂವರೆಗೆ ಗೇಟಿನ ಅಂಚೆ ಡಬ್ಬಿ ಖಾಲಿ ಮಾಡ್ಕೊಂಡು ಹೋಗಿಬಿಡ್ತಾರೆ. ಹೋದ ವರ್ಷವೂ ಹೀಗೇ ಮೀನಮೇಷ ಎಣಿಸಿ ಬಿಟ್ಟೆ."

ಕಾಗದ ಗಾಡಿಯಕ್ಕನ ಏಪ್ರನ್ನಿನ ಜೇಬಿನಲ್ಲೇ ಇತ್ತು. ಹತ್ತನೇ ತರಗತಿಯ ಪರೀಕ್ಷೆಗೆ ಕೂರಲು ಅವಕಾಶ ಕೋರಿ ಬರೆದದ್ದು. ಎರಡು ವರ್ಷದಲ್ಲಿ ಅದರ ಮೇಲಿನ ತಾರೀಖನ್ನು ಮೂರು ಸಲ ತಿದ್ದಿದ್ದಳು. ಸಂಜೆ ಶಾಲೆಯಲ್ಲಿ ಭಾಷೆ, ಗಣಿತ ಎಲ್ಲವನ್ನೂ ಅರಗಿಸಿಕೊಂಡವಳಿಗೆ ವಿಜ್ಞಾನದ ಒಂದೇ ಒಂದು ವಾಕ್ಯ ಗಂಟಲ ಮುಳ್ಳಾಗಿತ್ತು: ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ. ಬಾಯಿಪಾಠ ಮಾಡಿ ಬರೆದರೆ ಅಂಕ ಬೀಳುತ್ತದೆ ಎಂದಿದ್ದರು ಮೇಷ್ಟ್ರು. ಅರ್ಥವಾಗದ್ದನ್ನು ಅರ್ಥವಾದಂತೆ ಬರೆಯುವುದು ಅವಳಿಗೆ ಒಗೆಯದ ಬಟ್ಟೆಗೆ ಇಸ್ತ್ರಿ ಹಾಕಿದಂತೆ ಕಾಣುತ್ತಿತ್ತು.

"ನೀನೇ ಹೇಳು," ಎಂದಳು, ನೂರನೆಯ ಸಲ. "ನಾನು ಗಾಡಿ ತಳ್ತೀನಿ. ಗಾಡಿನೂ ನನ್ನನ್ನ ಅಷ್ಟೇ ಬಲವಾಗಿ ತಳ್ಳುತ್ತಂತೆ. ಈಗ ನೀನು ಎಳೆದಷ್ಟೇ ನಾನೂ ಎಳೆದ್ರೆ ಬೆಡ್‌ಶೀಟು ಕದಲುತ್ತಾ? ಇಲ್ಲ. ಮತ್ತೆ ಗಾಡಿ ಯಾಕೆ ಕದಲುತ್ತೆ?"

"ಕದಲದಿದ್ರೆ ಮೇಲ್ವಿಚಾರಕರು ಬೈತಾರೆ, ಅದಕ್ಕೆ."

ಅಷ್ಟರಲ್ಲಿ ನೆಲ ಒರೆಸುವಾಕೆ ಬಕೆಟ್ಟಿನೊಂದಿಗೆ ಬಂದು, "ಕಾಲೆತ್ತಿ, ತಾಯಂದಿರಾ," ಎಂದಳು. ಬೆಂಚುಗಳ ಮೇಲೆಲ್ಲ ಬಟ್ಟೆಯ ಗಂಟು. ಇಬ್ಬರೂ ಎರಡು ಖಾಲಿ ಗಾಡಿಗಳ ಹಲಗೆಯ ಮೇಲೆ ಎದುರುಬದುರು ಹತ್ತಿ, ಕಾಲು ಮಡಚಿ ಕೂತರು. ನೆಲ ಒರೆಸಿ ಆಕೆ ಹೋದಳು. ಅದು ಆರುವವರೆಗೂ ಸುಮ್ಮನಿರಲಾರದೆ ಇವರು ಇನ್ನೊಂದು ಬೆಡ್‌ಶೀಟು ಬಿಡಿಸಿದರು. ಚಕ್ರಗಳಿಗೆ ಬೆಳಿಗ್ಗೆಯಷ್ಟೇ ಎಣ್ಣೆ ಬಿದ್ದಿತ್ತು. ಬ್ರೇಕು ಒತ್ತುವುದು ಇಬ್ಬರಿಗೂ ಮರೆತಿತ್ತು.

"ಎಳಿ," ಎಂದಳು ಗುಂಡಕ್ಕ.

ಗಾಡಿಯಕ್ಕ ಎಳೆದಳು. ಎರಡು ಗಾಡಿಗಳೂ ಸರ್ರನೆ ಹತ್ತಿರ ಬಂದು ಢಿಕ್ಕಿ ಹೊಡೆದವು. ಗುಂಡಕ್ಕನ ತೊಡೆಯ ಮೇಲೆ ಗಾಡಿಯಕ್ಕ ಬೋರಲು ಬಿದ್ದಳು. ನಕ್ಕು ನಕ್ಕು ಗುಂಡಕ್ಕನ ಕಣ್ಣಲ್ಲಿ ನೀರು ಬಂತು. ಗಾಡಿಯಕ್ಕ ಮಾತ್ರ ನಗಲಿಲ್ಲ.

"ನೀನು ಎಳೆದ್ಯಾ?"

"ಎಲ್ಲಿ ಎಳೆದೆ? ಹಿಡ್ಕೊಂಡು ಕೂತಿದ್ದೆ ಅಷ್ಟೇ."

"ಆದ್ರೂ ಇಬ್ಬರೂ ಹೊರಟ್ವಿ." ಗಾಡಿಯಕ್ಕ ಬೆಡ್‌ಶೀಟನ್ನು ಪಕ್ಕಕ್ಕೆ ಎಸೆದಳು. "ಅಂಗೈ ಕೊಡು. ನಾನು ತಳ್ತೀನಿ. ನೀನು ಗೋಡೆ ಥರ ಇರು."

"ಅದೊಂದು ನನಗೆ ಚೆನ್ನಾಗಿ ಬರುತ್ತೆ."

ಅಂಗೈಗೆ ಅಂಗೈ ಇಟ್ಟು ತಳ್ಳಿದಳು. ಗುಂಡಕ್ಕ ಗಜಗಮನೆಯಂತೆ ಒಂದು ಮೊಳ ಹಿಂದೆ ಸರಿದಳು. ತಳ್ಳಿದ ಗಾಡಿಯಕ್ಕನೇ ಹಿಂದಕ್ಕೆ ಓಡಿ, ದಿಂಬಿನ ಚೀಲಗಳ ರಾಶಿಗೆ ಹೋಗಿ ಬಡಿದಳು. ಚೀಲಗಳು ಒಂದೊಂದಾಗಿ ತಲೆಯ ಮೇಲೆ ಬಿದ್ದವು. ಅವುಗಳ ಕೆಳಗಿನಿಂದಲೇ ಮಾತು ಬಂತು:

"ನಾನು ತಳ್ಳಿದ್ದು ನಿನಗೆ ತಗುಲ್ತು. ನೀನು ತಳ್ಳಿದ್ದು ನನಗೆ ತಗುಲ್ತು. ಎರಡೂ ಒಬ್ಬರಿಗೇ ತಗುಲಲಿಲ್ಲ ಕಣೆ."

"ಮತ್ತೆ ಬೆಡ್‌ಶೀಟು?"

"ಬೆಡ್‌ಶೀಟಿಗೆ ನಾವಿಬ್ಬರೂ ಜೋತುಬೀಳ್ತಿದ್ವಿ. ಎರಡು ಎಳೆತಾನೂ ಅದೊಂದರ ಮೇಲೇ. ಅದಕ್ಕೇ ಅದು ನಿಂತಿತ್ತು. ಇಷ್ಟು ವರ್ಷ ಮಡಿಸಿ ಮಡಿಸಿ ನನ್ನ ತಲೆನೂ ಹಾಗೇ ಮಡಚಿಕೊಂಡಿತ್ತು ನೋಡು."

"ಹಾಗಾದ್ರೆ ದಿನಾ ಗಾಡಿ ತಳ್ಳೋವಾಗ ನೀನ್ಯಾಕೆ ಹಿಂದಕ್ಕೆ ಉರುಳಲ್ಲ?"

ಗಾಡಿಯಕ್ಕ ತಲೆಯ ಮೇಲಿನ ಚೀಲ ತೆಗೆದು, ಗಾಡಿಯಿಂದ ಇಳಿದು, ಪಾದ ಊರಿ ನಿಂತಳು. ಇನ್ನೂ ತೇವವಿದ್ದ ನೆಲದಲ್ಲಿ ಕಾಲು ಸ್ವಲ್ಪ ಜಾರಿತು. ಅದನ್ನೇ ನೋಡುತ್ತ ನಿಂತಳು.

"ನೆಲ," ಎಂದಳು ಮೆಲ್ಲಗೆ. "ನಾನು ಕಾಲಲ್ಲಿ ನೆಲಾನ ಹಿಂದಕ್ಕೆ ಒತ್ತುತ್ತೀನಿ. ನೆಲ ನನ್ನನ್ನ ಮುಂದಕ್ಕೆ ಒತ್ತುತ್ತೆ. ಇಪ್ಪತ್ತೆರಡು ವರ್ಷ ನೆಲ ನನ್ನ ಜೊತೆ ಕೆಲಸ ಮಾಡ್ತಿತ್ತು, ನಾನು ಗಮನಿಸಿರಲೇ ಇಲ್ಲ."

ಈಗ ನಗು ಬಂತು ಅವಳಿಗೆ, ಬಂದದ್ದು ನಿಲ್ಲಲೇ ಇಲ್ಲ. ಸದ್ದಿಗೆ ಮೇಲ್ವಿಚಾರಕರು ಬಾಗಿಲಲ್ಲಿ ಇಣುಕಿದರು. ಚೆಲ್ಲಾಪಿಲ್ಲಿಯಾಗಿ ಬಿದ್ದ ಚೀಲಗಳನ್ನೂ ಗಾಡಿಯ ಮೇಲೆ ರಾಣಿಯಂತೆ ಕೂತ ಗುಂಡಕ್ಕನನ್ನೂ ನೋಡಿದರು.

"ಏನ್ರಮ್ಮಾ ಇದು?"

"ಪ್ರತಿಕ್ರಿಯೆ ಸಾರ್," ಎಂದಳು ಗುಂಡಕ್ಕ.

ಗಡಿಯಾರ ನಾಲ್ಕು ಇಪ್ಪತ್ತೈದು ತೋರಿಸುತ್ತಿತ್ತು. ಗಾಡಿಯಕ್ಕ ಸೆರಗು ಸಿಕ್ಕಿಸಿಕೊಂಡು ಮೇಲ್ವಿಚಾರಕರ ಪಕ್ಕದಿಂದಲೇ ನುಸುಳಿದಳು. ಕಾರಿಡಾರು ದಾಟಿ, ಮೆಟ್ಟಿಲಿಳಿದು, ಒಂದೊಂದು ಹೆಜ್ಜೆಗೂ ನೆಲ ತನ್ನನ್ನು ಮುಂದಕ್ಕೆ ದೂಡುವುದನ್ನು ಅನುಭವಿಸುತ್ತ ಗೇಟಿಗೆ ಓಡಿದಳು. ಅಂಚೆಯವನು ಬೀಗದ ಕೈ ಹಿಡಿದು ರಸ್ತೆ ದಾಟುತ್ತಿದ್ದ.

"ಕೈಗೇ ಕೊಡಿ ಅಮ್ಮ," ಎಂದ.

"ಬೇಡಪ್ಪ. ನಾನೇ ಹಾಕ್ತೀನಿ."

ಡಬ್ಬಿಯ ಬಾಯಿ ಬಿಗಿಯಾಗಿತ್ತು. ಬೆರಳಿನಿಂದ ಕಾಗದವನ್ನು ಒತ್ತಿದಳು. ಕಾಗದವೂ ಅಷ್ಟೇ ಬಲದಿಂದ ಬೆರಳನ್ನು ಹಿಂದಕ್ಕೆ ಒತ್ತಿತು. ಒತ್ತಲಿ ಬಿಡು ಎಂದುಕೊಂಡು ಇನ್ನೊಂಚೂರು ನೂಕಿದಳು. ಅದು ಒಳಗೆ ಬಿತ್ತು.