ಬಲಗೈ ಖಾಲಿ ಉಂಟಲ್ಲ

ಬೀಫಾತಿಮ್ಮನಿಗೆ ಕತೆ ಬರೆಯುವ ಆಸೆ ಹುಟ್ಟಿದ್ದು ಏಳನೇ ತರಗತಿಯಲ್ಲಿ. ಬರೆಯಲು ಶುರು ಮಾಡಿದ್ದು ಐವತ್ತಾರನೇ ವಯಸ್ಸಿನಲ್ಲಿ, ಡಯಾಲಿಸಿಸ್ ಹಾಸಿಗೆಯ ಮೇಲೆ.

ವಾರಕ್ಕೆ ಮೂರು ದಿನ ಮಗ ಅರಾಫತ್ ಅವಳನ್ನು ಕಾಟಿಪಳ್ಳದಿಂದ ಮಂಗಳೂರಿನ ಆಸ್ಪತ್ರೆಗೆ ಕರೆತರುತ್ತಿದ್ದ. ಎಡಗೈಗೆ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸಿದರೆ ನಾಲ್ಕು ಗಂಟೆ ಏಳುವಂತಿಲ್ಲ. ಪಕ್ಕದ ಹಾಸಿಗೆಯಲ್ಲಿ ಚಿತ್ತರಂಜನ ಶೆಟ್ಟರು, ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರ ಎರಡು ಕಥಾಸಂಕಲನಗಳು ಅಚ್ಚಾಗಿದ್ದವು. ಓದಿದವರು ಮಾತ್ರ ಇನ್ನೂ ಸಿಕ್ಕಿಲ್ಲ ಎಂದು ಅವರೇ ಹೇಳುತ್ತಿದ್ದರು.

ಒಂದು ದಿನ ಅವಳು ಉಳ್ಳಾಲದಲ್ಲಿ ಮೀನು ಹಿಡಿಯಲು ಹೋಗಿ ಸಮುದ್ರಪಾಲಾದ ತಮ್ಮ ಝುಬೈರನ ವಿಷಯ ತೆಗೆದಳು.

"ಅದನ್ನು ಬರೆಯಬೇಕೆಂದು ಮೂವತ್ತೈದು ವರ್ಷದಿಂದ ಮನಸ್ಸಲ್ಲಿ ಉಂಟು ಸರ್."

"ಮತ್ತೆ ಎಂತಕ್ಕೆ ಬರೆಯಲಿಲ್ಲ?"

"ಪುರುಸೊತ್ತು ಎಲ್ಲಿತ್ತು? ಈಗ ಪುರುಸೊತ್ತು ಉಂಟು, ಆದ್ರೆ ಕೈಗೆ ಸೂಜಿ."

"ಎಡಗೈಗೆ ಅಲ್ವಾ? ಬಲಗೈ ಖಾಲಿ ಉಂಟಲ್ಲ."

ಮುಂದಿನ ಸಲ ಅವಳು ಮೊಮ್ಮಗಳ ಹಳೆಯ ನೋಟ್‌ಬುಕ್ ತಂದಳು. ಎರಡು ಪುಟ ಬರೆದು ಓದಿದಳು: "ಅದೊಂದು ಕರಾಳ ದಿನ. ಕಡಲು ಭೋರ್ಗರೆಯುತ್ತಿತ್ತು..."

ಶೆಟ್ಟರು ಕೈಯೆತ್ತಿದರು. "ಕಡಲು ಎಂತ ಮಾಡ್ತದೆ ಅಂತ ಎಲ್ಲರಿಗೂ ಗೊತ್ತುಂಟು. ನಿಮ್ಮ ತಮ್ಮ ಆ ಬೆಳಿಗ್ಗೆ ಎಂತ ತಿಂದ?"

"ಗಂಜಿ. ಜ್ವರ ಇತ್ತು, ಅರ್ಧ ಬಿಟ್ಟ."

"ಅದನ್ನು ಬರೆಯಿರಿ."

ಹೀಗೆ ಮೂರು ತಿಂಗಳು ನಡೆಯಿತು. ಕೆಟ್ಟದಾಗಿ ಬಂದರೂ ಮುಗಿಸಿ, ಮುಗಿಯದ ಕತೆಯನ್ನು ತಿದ್ದಲಿಕ್ಕಾಗುವುದಿಲ್ಲ ಎನ್ನುತ್ತಿದ್ದರು ಶೆಟ್ಟರು. ಗಟ್ಟಿಯಾಗಿ ಓದಿಸಿ, ಅವಳ ನಾಲಗೆ ತಡವರಿಸಿದಲ್ಲಿ ವಾಕ್ಯ ಒಡೆಯಲು ಹೇಳುತ್ತಿದ್ದರು.

"ಇದು ಅಚ್ಚಾಗ್ತದಾ ಸರ್?"

"ಅಚ್ಚಾದರೂ ಎಂತದ್ದೂ ಆಗುವುದಿಲ್ಲ. ನನ್ನದು ಆಗಿದೆಯಲ್ಲ." ಅವರು ನಗಲಿಲ್ಲ.

ಕತೆ ಮುಗಿದ ದಿನ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಚೆನ್ನಾಗಿದೆ. ಒಂದು ಸುಳ್ಳು ಉಂಟು."

"ಸುಳ್ಳಾ?"

"ಜ್ವರದವ ದೋಣಿ ಹತ್ತಿದ್ದು ಯಾಕೆ? ವಿಧಿ ಅಂತ ಬರೆದಿದ್ದೀರಿ. ಓದುವವರಿಗೆ ವಿಧಿ ಕಾಣುವುದಿಲ್ಲ ಮಾರಾಯ್ರೆ."

ಬೀಫಾತಿಮ್ಮ ಪುಸ್ತಕ ಮುಚ್ಚಿದಳು. ಎರಡು ಸರದಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮೂರನೆಯ ಸರದಿಯಲ್ಲಿ ಐದು ಸಾಲು ಬರೆದಳು. ಗಂಡಸಾಗಿ ಹೆಂಗಸರ ಹಾಗೆ ಮಲಗಿದ್ದೀಯಲ್ಲ, ನಾಚಿಕೆಯಾಗುವುದಿಲ್ಲವಾ ಎಂದು, ಅವನು ದೋಣಿ ಹತ್ತುವ ಹಿಂದಿನ ದಿನ, ನೆರೆಮನೆಯವರ ಮುಂದೆ ತಮ್ಮನನ್ನು ಹಂಗಿಸಿದ್ದು ಅವಳೇ. ಅದನ್ನು ತಾಯಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ.

"ಸರ್, ಬರೆದೆ," ಎಂದಳು ಶನಿವಾರ.

"ಓದಿ."

ಅವಳು ಪುಟ ತಿರುವುವಷ್ಟರಲ್ಲಿ ಅವರ ಯಂತ್ರ ಕೂಗತೊಡಗಿತು. ತಂತ್ರಜ್ಞ ಬೆನೆಡಿಕ್ಟ್ ಓಡಿ ಬಂದು, ಬಿ.ಪಿ. ಇಳಿದಿದೆ ಎನ್ನುತ್ತ ಅವರ ಕಾಲುಗಳನ್ನು ಎತ್ತಿ ಹಿಡಿದ. ಡಾಕ್ಟರು ಬಂದರು. ಹಾಸಿಗೆಯನ್ನೇ ತಳ್ಳಿಕೊಂಡು ಹೊರಟರು. ಮಂಗಳವಾರ ಅಲ್ಲಿ ಬೇರೆ ಯಾರೋ ಮಲಗಿದ್ದರು.

"ಶೆಟ್ರು ಭಾನುವಾರ ಹೋದ್ರು ಅಮ್ಮ," ಎಂದ ಬೆನೆಡಿಕ್ಟ್.

ಆ ದಿನ ವಾಪಸು ಹೋಗುವಾಗ ನಂತೂರು ವೃತ್ತದಲ್ಲಿ ಅವರ ಗಾಡಿಯ ಮುಂದೆ ಲಾರಿಗಳ ಸಾಲು ನಿಂತಿತ್ತು. ಬೀಫಾತಿಮ್ಮ ನೋಟ್‌ಬುಕ್ಕನ್ನು ಮಗನ ಕೈಗೆ ಕೊಟ್ಟಳು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಅರಾಫತ್ ಎರಡು ಸಾಲು ಕೂಡಿಸಿ ಓದಿ ಸೋತ.

"ಉಮ್ಮ, ಕೈಬರಹ ನನಗೆ ಕಷ್ಟ. ಎಂತ ಉಂಟು ಇದರಲ್ಲಿ?"

"ನಿನ್ನ ಮಾಮನ ವಿಷಯ."

"ಕಡಲಲ್ಲಿ ಹೋದದ್ದಲ್ವಾ? ಅದು ಗೊತ್ತುಂಟಲ್ಲ."

ಮುಂದಿನ ಲಾರಿ ಕದಲಿತು. ಅವನು ಪುಸ್ತಕ ಹಿಂದಿರುಗಿಸಿ ಗೇರು ಹಾಕಿದ. ಬಾಯಿಬಿಟ್ಟು ಹೇಳಿಬಿಡಬಹುದಿತ್ತು. ಬರೆದಿದ್ದನ್ನು ಹೇಳಲು ಅವಳಿಗೆ ಆಗಲಿಲ್ಲ.

ಕತೆಯನ್ನು ನಕಲು ಮಾಡಿ ಒಂದು ವಾರಪತ್ರಿಕೆಗೆ ಅಂಚೆಯಲ್ಲಿ ಕಳಿಸಿದಳು. ನಾಲ್ಕು ತಿಂಗಳಾದರೂ ಸುದ್ದಿಯಿಲ್ಲ. ಅರಾಫತ್ ವಿಚಾರಿಸಿದಾಗ ಪತ್ರಿಕೆ ನಿಂತು ವರ್ಷವಾಗಿತ್ತು ಎಂದು ತಿಳಿಯಿತು.

"ಇನ್ನೊಂದಕ್ಕೆ ಕಳಿಸುವ ಉಮ್ಮ."

"ನೋಡುವ," ಎಂದಳು. ಕಳಿಸಲಿಲ್ಲ.

ಗುರುವಾರ ಯಂತ್ರಕ್ಕೆ ಜೋಡಿಸಿದ ಮೇಲೆ ಕತೆಯನ್ನು ತುಟಿ ಅಲುಗಿಸುತ್ತ ಮತ್ತೊಮ್ಮೆ ಓದಿದಳು. ಆ ಐದು ಸಾಲುಗಳಲ್ಲಿ ನಾಲಗೆ ಎಲ್ಲಿಯೂ ತಡವರಿಸಲಿಲ್ಲ. ಒಂದು ಪದವನ್ನೂ ಬದಲಿಸುವಂತಿರಲಿಲ್ಲ. ಅದು ಗೊತ್ತಾದ ಕ್ಷಣ ಅವಳಿಗೆ ಅಳು ಬಂತು.

"ಎಂತಾಯ್ತು ಅಮ್ಮ? ಕಾಲು ಸೆಳೀತದಾ?" ಬೆನೆಡಿಕ್ಟ್ ಕೇಳಿದ.

"ಹೌದು," ಎಂದಳು.

ಅವನು ಕೆಳಗೆ ಕೂತು ಅವಳ ಪಾದ ಹಿಡಿದು ಮೆಲ್ಲನೆ ನೀವತೊಡಗಿದ.